ಗುಲ್ಮ ತೆಗೆಸಿದರೆ ಪೋರ್ಟಲ್ ಒತ್ತಡ ಇಳಿಯುತ್ತದೆಯೇ?

ಸಕಲೇಶಪುರದಿಂದ ಕೇಳಿದ್ದೀರಿ: ಅಪ್ಪನಿಗೆ ಲಿವರ್ ಸಿರೋಸಿಸ್, ಸ್ಕ್ಯಾನಿನಲ್ಲಿ ಗುಲ್ಮ (ಸ್ಪ್ಲೀನ್) ಊದಿ 17 ಸೆಂ.ಮೀ., ಪ್ಲೇಟ್‌ಲೆಟ್ 62 ಸಾವಿರ. ಗುಲ್ಮ ಅತಿಯಾಗಿ ಕೆಲಸ ಮಾಡಿಯೇ ಪೋರ್ಟಲ್ ರಕ್ತನಾಳದ (ಕರುಳು, ಗುಲ್ಮಗಳ ರಕ್ತವನ್ನು ಲಿವರ್‌ಗೆ ಒಯ್ಯುವ ಸಿರೆ) ಒತ್ತಡ ಏರಿತೇ, ತೆಗೆಸಿಬಿಡಬಹುದೇ ಅಂತ.

ಬಹುಮಟ್ಟಿಗೆ ಉಲ್ಟಾ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ತುಂಬಿದರೆ ಹಿನ್ನೀರು ಶೆಟ್ಟಿಹಳ್ಳಿಯ ಹಳೇ ಚರ್ಚಿನೊಳಕ್ಕೆ ನುಗ್ಗುತ್ತದಲ್ಲ, ಹಾಗೆ. ಗಟ್ಟಿಯಾದ ಲಿವರ್ ಅಣೆಕಟ್ಟು. ಗುಲ್ಮ ಹಿನ್ನೀರಿಗೆ ಸಿಕ್ಕಿದ ಜಾಗ. ಆದರೆ ಚರ್ಚಿನಂತೆ ಗುಲ್ಮ ಸುಮ್ಮನೆ ನಿಲ್ಲುವುದಿಲ್ಲ. ಊದಿಕೊಂಡಂತೆ ಅದರ ಅಪಧಮನಿ ಹಿಗ್ಗಿ ಹೆಚ್ಚು ರಕ್ತ ಒಳಗೆ ಬರುತ್ತದೆ, ಅದೆಲ್ಲ ಗುಲ್ಮದ ಸಿರೆಯಿಂದ ಮತ್ತೆ ಪೋರ್ಟಲ್‌ಗೇ ಸುರಿಯುತ್ತದೆ. ಒತ್ತಡದಲ್ಲಿ ಗುಲ್ಮಕ್ಕೂ ಪಾಲಿದೆ, ಮೂಲ ಮಾತ್ರ ಅದಲ್ಲ.

ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಗೂ ಇದಕ್ಕೂ ಸಂಬಂಧವಿಲ್ಲ. ಲಿವರ್‌ನ ಈಚೆ-ಆಚೆಗಿನ ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ 1ರಿಂದ 5 ಮಿ.ಮೀ. ಪಾದರಸ. 10 ದಾಟಿದರೆ ಅನ್ನನಾಳದ ಸಿರೆಗಳು ಉಬ್ಬತೊಡಗುತ್ತವೆ, 12 ದಾಟಿದರೆ ಒಡೆಯುವ ಭಯ.

ಪ್ಲೇಟ್‌ಲೆಟ್ ಕಡಿಮೆಯಾಗಿರುವುದು ಬಹುಮಟ್ಟಿಗೆ ಗುಲ್ಮದ ಕೆಲಸವೇ. ಆರೋಗ್ಯವಂತರಲ್ಲೂ ಮೂರನೇ ಒಂದು ಭಾಗ ಅಲ್ಲೇ ತಂಗಿರುತ್ತದೆ; ವಿಪರೀತ ಊದಿದಾಗ 90% ವರೆಗೂ ಹಿಡಿದಿಟ್ಟುಕೊಳ್ಳಬಲ್ಲದು. ಪಪ್ಪಾಯಿ ಎಲೆ ರಸ ಕುಡಿಸಿ ಸಂಖ್ಯೆ ಏರಿಸುವ ಗೊಡವೆ ಬೇಡ. ಕಾಫಿ ಬಿಡಿಸುವುದೂ ಬೇಡ, ಲಿವರ್‌ಗೆ ಅದು ಶತ್ರುವಲ್ಲ.

ಗುಲ್ಮ ತೆಗೆದರೆ ಪ್ಲೇಟ್‌ಲೆಟ್ ಏರುತ್ತದೆ, ಲಿವರ್ ಹಾಗೇ ಉಳಿಯುತ್ತದೆ. ಮೇಲಿಂದ ಪೋರ್ಟಲ್‌ನಲ್ಲೇ ರಕ್ತ ಹೆಪ್ಪುಗಟ್ಟಬಹುದು, ಜೀವನಪೂರ್ತಿ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಸೋಂಕಿನ ಅಪಾಯ ಬೇರೆ. ಅದಕ್ಕೇ ಲಸಿಕೆಗಳನ್ನು ಕನಿಷ್ಠ 2 ವಾರ ಮೊದಲೇ ಹಾಕುತ್ತಾರೆ. ಪ್ಯಾಂಕ್ರಿಯಾಸ್ ಊತದಿಂದ ಗುಲ್ಮದ ಸಿರೆಯೊಂದೇ ಮುಚ್ಚಿಹೋಗಿದ್ದರೆ ಮಾತು ಬೇರೆ, ಅಲ್ಲಿ ಗುಲ್ಮ ತೆಗೆದರೆ ಒತ್ತಡವೇ ಇಳಿಯುತ್ತದೆ. ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಆ ಸಿರೆ ತೆರೆದಿದೆಯೇ ಎಂದು ಕೇಳಿ.

ನಿಮ್ಮ ಅಪ್ಪನಿಗೆ ಮೊದಲು ಬೇಕಾದ್ದು ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ನಳಿಗೆ ಇಳಿಸಿ ಅನ್ನನಾಳ ನೋಡುವುದು. ಸಿರೆಗಳು ಉಬ್ಬಿದ್ದರೆ ಕಾರ್ವೆಡಿಲಾಲ್ ಕೊಡುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 6.25 ಮಿ.ಗ್ರಾಂನಿಂದ ಶುರು, ತಡೆದುಕೊಂಡರೆ 12.5. ಹೊಟ್ಟೆಯ ಕಡೆಯಿಂದ ಪೋರ್ಟಲ್‌ಗೆ ಬರುವ ರಕ್ತವನ್ನೇ ಅದು ತಗ್ಗಿಸುತ್ತದೆ. ಇಲ್ಲವೇ ಉಬ್ಬಿದ ಸಿರೆಯನ್ನು ನಳಿಗೆಯ ತುದಿಗೆ ಹೀರಿಕೊಂಡು ಬುಡಕ್ಕೆ ಪುಟ್ಟ ರಬ್ಬರ್ ಬಳೆ ಬಿಡುತ್ತಾರೆ. ಕೆಲವು ದಿನದಲ್ಲಿ ಆ ಭಾಗ ಬಾಡಿ ಉದುರುತ್ತದೆ. ಬಳೆ ಬಿಟ್ಟ ಮೊದಲ ದಿನಗಳಲ್ಲಿ ಗಟ್ಟಿ ಅಕ್ಕಿರೊಟ್ಟಿ ಬೇಡ, ಗಂಜಿ ಸಾಕು.

ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡಿ. ಕಬ್ಬಿಣದ ಮಾತ್ರೆಗೂ ಮಲ ಕಪ್ಪಾಗುತ್ತದೆ, ಆದರೆ ಡಾಂಬರಿನಂತೆ ಅಂಟಂಟಾಗಿ ಗಬ್ಬು ನಾತ ಹೊಡೆದರೆ ಅದು ರಕ್ತ, ಉಬ್ಬಿದ ಸಿರೆ ಒಡೆದಿರಬಹುದು. ಹಾಸನ ಸುಮಾರು 40 ಕಿ.ಮೀ.; ಬೆಳಗಾಗಲಿ ಅನ್ನದೆ ರಾತ್ರಿಯೇ ಹೊರಡಿ.