ನಗರ ಯೋಜನೆಯ ಸರ್ಕಾರಿ ಕೆಲಸದಲ್ಲಿ ತೃಪ್ತಿ ಸಿಗುತ್ತಾ?

ಚಿಕ್ಕಮಗಳೂರಿನಲ್ಲಿ ಕೆಲಸ ಸಿಕ್ಕಿದೆ, ಬರೀ ಫೈಲು ತಳ್ಳೋದೇ ಆಗಿಬಿಡುತ್ತಾ ಅಂತ ಕೇಳಿದ್ದೀರಿ. ಹೌದು, ಜಾಸ್ತಿ ಫೈಲೇ. ಭೂ ಬಳಕೆ ಬದಲಾವಣೆ, ಲೇಔಟ್ ಮಂಜೂರಾತಿ, ಎಲ್ಲಾ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಚೌಕಟ್ಟಿನೊಳಗೇ.

ಆದ್ರೆ ನನಗೆ ಈ ಕೆಲಸ ಹಿಡಿಸಿದ್ದು ಒಂದು ಹಳ್ಳದಿಂದ. ಲೇಔಟ್ ನಕ್ಷೆಯೊಂದು ಬಂತು, ಸೈಟುಗಳೆಲ್ಲ ಚೊಕ್ಕವಾಗಿದ್ದವು. ಹಳೇ ಗ್ರಾಮ ನಕ್ಷೆ ಪಕ್ಕದಲ್ಲಿಟ್ಟು ನೋಡಿದರೆ, ಎಂಟು ಸೈಟುಗಳ ಮಧ್ಯೆ ಹಳ್ಳದ ಗೆರೆ! ಪಹಣಿಯಲ್ಲಿ ಬಿ ಖರಾಬು, ಅಂದ್ರೆ ಸಾರ್ವಜನಿಕರದ್ದು. ಜುಲೈ ಮಳೆಯಲ್ಲಿ ಛತ್ರಿ ಹಿಡಿದು ಹೋದೆ. ಪಕ್ಕದ ಗದ್ದೆಯ ಅಜ್ಜ ಕೋಲಲ್ಲಿ ತೋರಿಸಿ, "ನೀರು ಇಲ್ಲೇ ಇಳಿಯೋದು ಸ್ವಾಮಿ, ಕೆರೆಗೆ" ಅಂದರು. ಮೊಣಕಾಲಿನವರೆಗೆ ಕೆಂಪು ನೀರು. ನಕ್ಷೆ ವಾಪಸ್ ಕಳಿಸಿದೆ. ಫೋನುಗಳು ಬಂದವು, ಬೈಗುಳ ಬಂತು. ಕೊನೆಗೆ ಹಳ್ಳ ಉಳಿಯಿತು.

ಅಲ್ಲಿ ಮನೆ ಕಟ್ಟಿದವರಿಗೆ ಇದು ಗೊತ್ತೇ ಇಲ್ಲ. ಮನೆಯೊಳಗೆ ನೀರು ನುಗ್ಗದಿದ್ದರೆ ಯಾರು ಯಾಕೆ ಥ್ಯಾಂಕ್ಸ್ ಹೇಳ್ತಾರೆ, ಅಲ್ವಾ? ಹೊಗಳಿಕೆ ಬೇಕು ಅಂದ್ರೆ ಈ ಕೆಲಸ ಬೇಡ. ಸೋಲೂ ಇದೆ. ಒಂದು ಪಾರ್ಕಿನ ಜಾಗ ನನ್ನ ಕಣ್ಣೆದುರೇ ಹೋಯಿತು, ಇವತ್ತಿಗೂ ಆ ರಸ್ತೆಯಲ್ಲಿ ಹೋಗಲ್ಲ.

ಸೇರಿದ ಮೊದಲ ವಾರವೇ ಗ್ರಾಮ ನಕ್ಷೆ ಓದೋದು ಕಲಿಯಿರಿ. ಶನಿವಾರ ಸುಮ್ನೆ ಬಸವನಹಳ್ಳಿ ಕೆರೆ ಸುತ್ತ ನಡೆದು, ನೀರು ಎಲ್ಲಿಂದ ಬರುತ್ತೆ ನೋಡಿ. ಮಳೆಗಾಲದಲ್ಲಾದ್ರೆ ಇನ್ನೂ ಒಳ್ಳೇದು. ಬೂಟ್ಸ್ ಮಾತ್ರ ಹಳೇದೇ ಹಾಕ್ಕೊಳ್ಳಿ.