ಮೂವತ್ತೂ ಸರಿ, ಮೂವತ್ತೊಂಬತ್ತೂ ಸರಿ

ಪ್ರಶ್ನೆ: ಸರ್ ನಮಸ್ಕಾರ. ನಾನು ಧಾರವಾಡದ ಕಡೆಯವಳು, ಪುಣೆಯಲ್ಲಿ ಮಣ್ಣು-ನೀರಿನ ಮೇಲೆ ಪಿಎಚ್‌ಡಿ ಮಾಡ್ತಾ ಇದೀನಿ. ನಾಲ್ಕು ಲ್ಯಾಬಿನವರು ಸೇರಿ ಎಲ್ಲರ ಡೇಟಾ ಒಂದೇ ಕಡೆ ಹಾಕೋಣ, ಯಾರಿಗೆ ಬೇಕೋ ಅವರು ಬಳಸ್ಲಿ ಅಂತ ಶುರು ಮಾಡಿದ್ವಿ. ಈಗ ನೋಡಿದ್ರೆ ಒಂದೇ ಹೊಲದ ಎರೆಮಣ್ಣಿಗೆ ಒಬ್ರು ನೀರು 30 ಪರ್ಸೆಂಟ್ ಅಂತ ಬರೆದಿದಾರೆ, ಇನ್ನೊಬ್ರು 39. ಸರಾಸರಿ ಹಾಕಿ ಮುಗಿಸು ಅಂತಾರೆ ಸೀನಿಯರ್. ಹಾಕ್ಲಾ?
— ಓದುಗಿ, ಹಡಪ್ಸರ್, ಪುಣೆ

ಉತ್ತರ: ಬೇಡ ತಾಯಿ, ಸರಾಸರಿ ಮಾತ್ರ ಬೇಡ! ಮೊದ್ಲು ಇಬ್ಬರಿಗೂ ಫೋನ್ ಮಾಡಿ ತೂಕದ ಲೆಕ್ಕನಾ ಗಾತ್ರದ ಲೆಕ್ಕನಾ ಕೇಳು. ಮಣ್ಣನ್ನ 105 ಡಿಗ್ರಿ ಓವನ್ನಲ್ಲಿ ಒಣಗಿಸಿ, 100 ಗ್ರಾಂ ಒಣಮಣ್ಣಿಗೆ 30 ಗ್ರಾಂ ನೀರು ಅಂತ ಒಬ್ರು ಬರೆದಿರ್ತಾರೆ, ಅದನ್ನೇ ಬಲ್ಕ್ ಡೆನ್ಸಿಟಿ (ಒಂದು ಘನ ಸೆಂಟಿಮೀಟರ್ ಮಣ್ಣಿನ ಒಣತೂಕ, ಗ್ರಾಂನಲ್ಲಿ) 1.3ರಿಂದ ಗುಣಿಸಿದ್ರೆ ಗಾತ್ರದ ಲೆಕ್ಕದಲ್ಲಿ ಇನ್ನೊಬ್ರ 39 ಬರುತ್ತೆ. ಆಗ ಇಬ್ರೂ ಸರಿ, ನಿಮ್ಮ ಸರಾಸರಿ 34.5 ಒಂದೇ ತಪ್ಪು.

ಇನ್ನೊಂದು, ನೀರು ಎಷ್ಟಿದೆ ಅನ್ನೋದು ಅರ್ಧ ಮಾತು, ಮಣ್ಣು ಅದನ್ನ ಎಷ್ಟು ಗಟ್ಟಿ ಹಿಡ್ಕೊಂಡಿದೆ ಅನ್ನೋದೂ ಬೇಕು. ಎರೆಮಣ್ಣಲ್ಲಿ 15 ಬಾರ್ (ಬಾರ್ ಅಂದ್ರೆ ಒತ್ತಡದ ಅಳತೆ) ಎಳೆತಕ್ಕೂ ಬೇಕಾದಷ್ಟು ನೀರು ಉಳಿದಿರುತ್ತೆ, ಆದ್ರೆ ಬೇರಿಗೆ ಸಿಗಲ್ಲ, ಬೆಳೆ ಬಾಡುತ್ತೆ. ಆ 15 ಬಾರ್ ಅಂದ್ರೆ 1500 ಕಿಲೋಪ್ಯಾಸ್ಕಲ್, ನೀರಿನ ಎತ್ತರದ ಲೆಕ್ಕದಲ್ಲಿ ಸುಮಾರು 15,300 ಸೆಂಟಿಮೀಟರ್, ಮೂರೂ ಒಂದೇ ಕಾಲಮ್ಮಲ್ಲಿ ಸೇರಿಕೊಂಡ್ರೆ ದೇವರೇ ಗತಿ. (ನಾನೇ ಒಂದ್ಸಲ ‘ಆಳ 15’ ಅಂತ ಬರೆದಿಟ್ಟು, ಎರಡು ವರ್ಷ ಆದ್ಮೇಲೆ ಇಂಚಾ ಸೆಂಟಿಮೀಟರಾ ನೆನಪಾಗದೆ ಆ ಹಾಳೆಗಳನ್ನೆಲ್ಲ ಬಿಸಾಕಿದೀನಿ.)

ಕುಟ್ಟಿ ಜರಡಿ ಹಿಡಿದ ಮಣ್ಣಾ, ಹೊಲದಲ್ಲಿ ಇದ್ದ ಹಾಗೇ ರಿಂಗ್ ಬಡಿದು ತೆಗೆದ ಮಣ್ಣಾ, ಇದನ್ನೂ ಬರೀಬೇಕು. ಹದಿನೈದು ಬಾರ್‌ಗೆ ಜರಡಿ ಮಣ್ಣು ನಡಿಯುತ್ತೆ, ಹಸಿ ಇರುವಾಗಿನ ಅಳತೆಗೆ ನಡಿಯಲ್ಲ, ಯಾಕಂದ್ರೆ ಅಲ್ಲಿ ನೀರು ನಿಲ್ಲೋದು ಹೆಂಟೆಯೊಳಗಿನ ಸಂದುಗೊಂದಿನಲ್ಲಿ, ನೀನು ಅದನ್ನೇ ಪುಡಿ ಮಾಡಿರ್ತೀಯ. ಎರೆಮಣ್ಣು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕೈ ಹೋಗೋ ಹಾಗೆ ಬಿರುಕು ಬಿಡೋದು ನಿಮ್ಮ ಊರಲ್ಲೇ ನೋಡಿರ್ತೀಯ, ಹಾಗಾಗಿ ಅದಕ್ಕೆ ಒಂದೇ ಬಲ್ಕ್ ಡೆನ್ಸಿಟಿ ಅಂತ ಇಲ್ಲ, ಅಳೆದಾಗ ತೇವ ಎಷ್ಟಿತ್ತು ಅಂತ ಪಕ್ಕದಲ್ಲೇ ಬರಿ. ತಾಮ್ಹಿಣಿ ಘಾಟು ಇಳಿದು ಕೊಂಕಣದ ಮುರಕಲ್ಲಿನ ಕೆಂಪುಮಣ್ಣಿಗೆ ಹೋದ್ರೆ ಕಥೆನೇ ಬೇರೆ, ಜೇಡಿ ಅಂಶ ಅಷ್ಟೇ ಇದ್ರೂ ಅದು ಹೀಗೆ ಉಬ್ಬಲ್ಲ, ಜೇಡಿಯ ಜಾತಿನೇ ಬೇರೆ. ಜೇಡಿ ಪರ್ಸೆಂಟ್ ಒಂದನ್ನೇ ನೋಡಿ ನೀರು ಲೆಕ್ಕ ಹಾಕೋರು ಎಡವೋದು ಇಲ್ಲೇ.

ಹೂಳುಮಣ್ಣಿನ (ಸಿಲ್ಟ್) ಕಣದ ಗಾತ್ರಕ್ಕೂ ಅಮೆರಿಕದವರ ಮೇಲಿನ ಗಡಿ 0.05 ಮಿಲಿಮೀಟರ್, ಅಂತಾರಾಷ್ಟ್ರೀಯ ಪದ್ಧತಿಯಲ್ಲಿ 0.02. ಯಾವುದು ಅಂತ ಹಾಕು ಸಾಕು.

ಎಷ್ಟು ಎಳೆತಕ್ಕೆ ಮಣ್ಣಲ್ಲಿ ಎಷ್ಟು ನೀರು ಉಳಿಯುತ್ತೆ ಅನ್ನೋ ಗೆರೆಗೆ 1980ರ ವಾನ್ ಗೆನುಖ್ಟೆನ್ ಸೂತ್ರ ಇದೆ, ಅದರ ಆಲ್ಫಾ, ಎನ್ ಅನ್ನೋ ಎರಡು ಅಂಕಿ ಮಾತ್ರ ಕಳಿಸ್ತೀವಿ ಅನ್ನೋರು ಇರ್ತಾರೆ, ಒಪ್ಪಬೇಡ, ಅಳೆದ ಬಿಂದುಗಳನ್ನೇ ಕೇಳು. ನಾಳೆ ಇನ್ನೊಂದು ಸೂತ್ರ ಬಂದ್ರೆ ಬಿಂದುಗಳಿಂದ ಮತ್ತೆ ಗೆರೆ ಎಳೀಬಹುದು. ಅಮೆರಿಕದ ಉನ್ಸೋಡಾ ಅನ್ನೋ ಮಣ್ಣಿನ ಡೇಟಾಬೇಸಲ್ಲಿ 790 ಮಣ್ಣುಗಳನ್ನ ಹೀಗೇ ಇಟ್ಟಿದಾರೆ, ನಿಮ್ಮ ಕಾಲಮ್ ಹೆಸರುಗಳಿಗೆ ಅದನ್ನೇ ಮಾದರಿ ಮಾಡ್ಕೊಳ್ಳಿ.

ಫೋನ್ ಎತ್ತದವರ ಅಂಕಿಯನ್ನ ಬಂದ ಹಾಗೇ ಇಟ್ಟು ‘ತೂಕವೋ ಗಾತ್ರವೋ ತಿಳಿದಿಲ್ಲ’ ಅಂತ ಬರಿ. ಅಳತೆನೇ ಇಲ್ಲದ ಕಡೆ ಖಾಲಿ ಬಿಡು, ಸೊನ್ನೆ ಹಾಕ್ಬೇಡ. ಸೊನ್ನೆ ಅಂದ್ರೆ ಅಳೆದು ನೋಡಿ ನೀರೇ ಇರಲಿಲ್ಲ ಅಂತ ಆಗುತ್ತೆ, ನಿಮ್ಮ ಸೀನಿಯರ್‌ಗೂ ಹೇಳು.