ಇಂಗ್ಲಿಷ್‌ನಲ್ಲಿ ಬರೆಯೋದೊಂದು, ಓದೋದೊಂದು ಯಾಕೆ?

ಸಿಂಪಲ್ಲಾಗಿ ಹೇಳ್ಬೇಕಂದ್ರೆ ಸ್ಪೆಲ್ಲಿಂಗ್ ನಿಂತೋಯ್ತು, ಉಚ್ಚಾರಣೆ ಮಾತ್ರ ಬದಲಾಗ್ತಾನೇ ಹೋಯ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಪ್ರಿಂಟಿಂಗ್ ಪ್ರೆಸ್ ತಂದ, ಆಮೇಲಿನ ಎರಡು ಶತಮಾನದಲ್ಲಿ ಸ್ಪೆಲ್ಲಿಂಗ್ ಹೆಚ್ಚುಕಮ್ಮಿ ಫಿಕ್ಸ್ ಆಗ್ತಾ ಬಂತು, ಆದ್ರೆ ಅದೇ ಟೈಮಲ್ಲಿ ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಬೇರೆ ಸ್ವರಗಳಾಗಿ ಹೊರಳ್ತಾ ಇದ್ವು (ಇದನ್ನೇ ಗ್ರೇಟ್ ವವೆಲ್ ಶಿಫ್ಟ್ ಅನ್ನೋದು). ಈಗಿನ 'ಟೈಮ್' ಆಗ 'ಟೀಮ' ಥರ ಇತ್ತು. ಯೋಧ ಅನ್ನೋ ಅರ್ಥದ 'ನೈಟ್' (knight) ಹೆಚ್ಚುಕಮ್ಮಿ 'ಕ್ನಿಖ್ಟ್', ಅಂದ್ರೆ ಈಗ ಸೈಲೆಂಟ್ ಅಂತೀವಲ್ಲ ಆ ಕೆ, ಜಿಎಚ್ ಎಲ್ಲಾ ಒಂದು ಕಾಲದಲ್ಲಿ ಬಾಯಲ್ಲಿ ನಿಜವಾಗ್ಲೂ ಬರ್ತಿತ್ತು. ಇದು ಸಾಲದು ಅಂತ ಪಂಡಿತರು ಬೇರೆ, ಫ್ರೆಂಚಿಂದ ಬಂದ 'ಡೆಟ್'ಗೆ (debt, ಅಂದ್ರೆ ಸಾಲ) ಲ್ಯಾಟಿನ್ 'ಡೆಬಿಟುಮ್' ನೋಡ್ಕೊಂಡು ಒಂದು ಬಿ ತುರುಕಿದ್ರು, ಇಂಗ್ಲಿಷ್‌ನಲ್ಲಿ ಅದನ್ನ ಸಾಮಾನ್ಯ ಜನ ಉಚ್ಚರಿಸಿದ್ದೇ ಇಲ್ಲ, ಶುದ್ಧ ತಲೆಹರಟೆ.